ಫೆಬ್ರವರಿಗೆ ಮಗಳಿಗೆ 21, ನಮ್ಮ ಗ್ರೀನ್ ಕಾರ್ಡ್ ಫೈಲಿನಿಂದ ಅವಳ ಹೆಸರು ಹೋಗುತ್ತದೆ. ಇದನ್ನು ದಾಟಿದವರು ಹೇಳಿ

ಮಲೆನಾಡ ಅಮ್ಮ (ಮಾರಿಸ್‌ವಿಲ್, ನಾರ್ತ್ ಕರೋಲಿನಾ), 24 ಆಗಸ್ಟ್ 2025

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು.

ನಾವು ಅಮೆರಿಕಕ್ಕೆ ಬಂದಿದ್ದು 2010ರಲ್ಲಿ. ನಮ್ಮೆಜಮಾನರಿಗೆ ಕೆಲಸದ ವೀಸಾ ಎಚ್-1ಬಿ, ನನಗೂ ಮಗಳಿಗೂ ಅವರ ಕುಟುಂಬಕ್ಕೆ ಸಿಗುವ ಎಚ್-4. ಮಗಳಿಗೆ ಆಗ ಐದು ವರ್ಷ. ತೀರ್ಥಹಳ್ಳಿ ಹತ್ತಿರದ ಅಜ್ಜನ ಮನೆಯಲ್ಲಿ ಅಕ್ಕಿಯ ಮೇಲೆ ಅಕ್ಷರ ತಿದ್ದಿಸಿಕೊಂಡು ಹೊರಟವಳು. ಮಗ 2012ರಲ್ಲಿ ಇಲ್ಲೇ ಹುಟ್ಟಿದ. ಅವನು ಈ ದೇಶದ ಪ್ರಜೆ, ಅವಳು ಭಾರತದವಳು. ಬೀರುವಿನ ಒಂದೇ ಖಾನೆಯಲ್ಲಿ ಎರಡು ದೇಶದ ಪಾಸ್‌ಪೋರ್ಟ್ ಇವೆ.

ಗ್ರೀನ್ ಕಾರ್ಡಿಗೆ (ಕಾಯಂ ವಾಸದ ಅನುಮತಿ) ಹಾಕಿದ್ದು 2014ರ ಮಾರ್ಚ್‌ನಲ್ಲಿ, ಇಬಿ-2 ಅನ್ನುವ, ಹೆಚ್ಚು ಓದಿದ ಕೆಲಸಗಾರರ ವರ್ಗದಲ್ಲಿ. ಐ-140, ಅಂದರೆ ನಮ್ಮ ಪರವಾಗಿ ಕಂಪನಿ ಹಾಕುವ ಅರ್ಜಿ, ಬೇಗ ಆಯಿತು. ಆಮೇಲೆ ಕಾಯುವುದೇ ಕೆಲಸ. ಪ್ರತಿ ತಿಂಗಳು ವೀಸಾ ಬುಲೆಟಿನ್ (ಯಾವ ದಿನದವರೆಗೆ ಹಾಕಿದವರ ಸರದಿ ಬಂದಿದೆ ಅಂತ ಹೇಳುವ ಸರ್ಕಾರದ ಪಟ್ಟಿ) ಬಂದ ದಿನ ನಮ್ಮೆಜಮಾನರು ಆಫೀಸಿನಿಂದಲೇ ಮೆಸೇಜ್ ಹಾಕುತ್ತಾರೆ. ಹೆಚ್ಚಿನ ಸಲ ಬರೆಯುವುದು "ಅಲ್ಲೇ ಇದೆ" ಅಂತ. ಸೆಪ್ಟೆಂಬರ್ ಬುಲೆಟಿನ್‌ನಲ್ಲಿ ಭಾರತದ ಇಬಿ-2 ಬಂದು ನಿಂತಿರುವುದು 2013ರ ಜನವರಿ 1ಕ್ಕೆ. ನಮ್ಮ ಮುಂದೆ ಇನ್ನೂ ಹದಿನಾಲ್ಕು ತಿಂಗಳ ಅರ್ಜಿಗಳಿವೆ. ಮಗಳಿಗೆ ಫೆಬ್ರವರಿಗೆ 21 ತುಂಬುತ್ತದೆ. 21 ಆದವರನ್ನು ಮಕ್ಕಳು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವತ್ತಿಗೆ ಅವಳ ಎಚ್-4 ಮುಗಿಯುತ್ತದೆ. ಮುಂದೆ ಎಂದೋ ನಮ್ಮ ಸರದಿ ಬಂದಾಗ ಅವಳು ನಮ್ಮ ಜೊತೆ ಇರುವುದಿಲ್ಲ.

ಇದು ನಮಗೆ ಗೊತ್ತಿರಲಿಲ್ಲ ಅಂತ ಹೇಳಲಾರೆ. ಗೊತ್ತಿತ್ತು. ಅಷ್ಟರೊಳಗೆ ಆಗಿಬಿಡುತ್ತದೆ ಅಂದುಕೊಂಡೆವು. ಅವಳಿಗೆ ಹೇಳಲಿಲ್ಲ. ಹದಿನಾರನೇ ವಯಸ್ಸಿಗೆ ಗೆಳತಿಯರೆಲ್ಲ ಐಸ್‌ಕ್ರೀಂ ಅಂಗಡಿಯಲ್ಲಿ ಬೇಸಿಗೆ ಕೆಲಸಕ್ಕೆ ಸೇರಿದರು. ಎಚ್-4 ಮಕ್ಕಳು ಕೆಲಸ ಮಾಡುವ ಹಾಗಿಲ್ಲ ಅಂತ ಅವತ್ತು ಹೇಳಬೇಕಾಯಿತು. ಅವಳು ಗೆಳತಿಯರಿಗೆ "ನಂಗೆ ಇಷ್ಟ ಇಲ್ಲ" ಅಂದುಬಿಟ್ಟಳಂತೆ. ಡ್ರೈವಿಂಗ್ ಲೈಸೆನ್ಸ್ ಬಂದಾಗ ಅದರ ಮೇಲೆ ಇದ್ದದ್ದು ನಮ್ಮ ವೀಸಾ ಅವಧಿ ಮುಗಿಯುವ ದಿನಾಂಕ. ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೂತಿದ್ದಳು.

ಈಗ ಕಾಲೇಜಿನ ಮೂರನೇ ವರ್ಷ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿ ಅಂತ ಲಾಯರ್ ಹೇಳುತ್ತಿದ್ದಾರೆ. ಆಗಸ್ಟ್ 15ರಿಂದ ವಯಸ್ಸಿನ ಲೆಕ್ಕವೇ ಬದಲಾಗಿದೆ ಅಂತಲೂ ಕೇಳಿದೆ. ನಮಗೆ ಇನ್ನೇನಾದರೂ ದಾರಿ ಇದೆಯಾ? ದಾಟಿ ಬಂದವರು ಹೇಳಿ.

ಕುಂದಾಪುರದವ (ಸ್ಯಾನ್ ಹೋಸೆ), 24 ಆಗಸ್ಟ್ 2025

ಅಕ್ಕ, ಮೊದಲು ಲೆಕ್ಕ ನೋಡೋಣ. ನನ್ನ ಮಗನ ವಿಷಯದಲ್ಲಿ ಇದನ್ನು ಎಷ್ಟು ಸಲ ಮಾಡಿದ್ದೇನೋ!

2002ರ ಆಗಸ್ಟ್‌ನಲ್ಲಿ ಸಿಎಸ್‌ಪಿಎ ಅಂತ ಒಂದು ಕಾನೂನು ಬಂತು. ಸರ್ಕಾರದ ತಡದಿಂದ ಮಕ್ಕಳು 21 ದಾಟಬಾರದು ಅಂತ ಮಾಡಿದ್ದು. ಉದ್ದೇಶ ಒಳ್ಳೆಯದೇ. ಆದರೆ ಅದು ಕಳೆಯುವುದು ಒಂದೇ ಒಂದು ತಡವನ್ನು. ನಿಮ್ಮ ಡೇಟ್ ಕರೆಂಟ್ ಆದ ದಿನ, ಅಂದರೆ ನಿಮ್ಮ ಸರದಿ ಬಂದ ದಿನ, ಮಗುವಿಗೆ ಎಷ್ಟು ವಯಸ್ಸೋ, ಅದರಲ್ಲಿ ಐ-140 ಇಲಾಖೆಯ ಟೇಬಲ್ ಮೇಲೆ ಇದ್ದ ದಿನಗಳನ್ನು ಮಾತ್ರ ಕಳೆಯುತ್ತಾರೆ. ಸಾಲಿನಲ್ಲಿ ನಿಂತ ಹನ್ನೊಂದು ಹನ್ನೆರಡು ವರ್ಷ ಲೆಕ್ಕಕ್ಕೇ ಇಲ್ಲ. ಅದಕ್ಕೂ ಮೊದಲು ಲೇಬರ್ ಸರ್ಟಿಫಿಕೇಷನ್‌ಗೆ (ಆ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲ ಅನ್ನುವ ಪ್ರಮಾಣಪತ್ರ) ಹೋದ ಕಾಲವೂ ಇಲ್ಲ.

ನಿಮ್ಮ ಐ-140 ಬೇಗ ಆಯಿತು ಅಂದಿರಿ. ಪ್ರೀಮಿಯಂ ಹಾಕಿದ್ದರಾ? ಹಾಗಿದ್ದರೆ ಕಳೆಯಲು ಸಿಗುವುದು ಹತ್ತು ಹದಿನೈದು ದಿನ ಅಷ್ಟೇ. ಬೇಗ ಆಗಲಿ ಅಂತ ದುಡ್ಡು ಕಟ್ಟಿದವರ ಮಕ್ಕಳಿಗೇ ಇಲ್ಲಿ ನಷ್ಟ. ನಮ್ಮದು ಮಾಮೂಲಿ ದಾರಿಯಲ್ಲಿ ಏಳು ತಿಂಗಳು ಎಳೆದಿತ್ತು. ಆಗ ಎಷ್ಟು ಬೈದುಕೊಂಡಿದ್ದೆವು. ಆ ಏಳು ತಿಂಗಳಿಂದಲೇ ಮಗ ಉಳಿದುಕೊಂಡ.

ಆಗಸ್ಟ್ 15ರ ವಿಷಯ. ಬುಲೆಟಿನ್‌ನಲ್ಲಿ ಎರಡು ಪಟ್ಟಿ ಇರುತ್ತದೆ, ಅರ್ಜಿ ಹಾಕಲು ಒಂದು, ಕಾರ್ಡ್ ಕೊಡಲು ಒಂದು. ಅರ್ಜಿಯ ಪಟ್ಟಿ ಸ್ವಲ್ಪ ಮುಂದೆ ಓಡುತ್ತದೆ. 2023ರ ಫೆಬ್ರವರಿಯಿಂದ ಮಕ್ಕಳ ವಯಸ್ಸಿಗೆ ಅದನ್ನೇ ಹಿಡಿಯುತ್ತಿದ್ದರು. ಈ ಆಗಸ್ಟ್ 15ರಿಂದ ಹಾಕುವ ಅರ್ಜಿಗಳಿಗೆ ಮತ್ತೆ ಕಾರ್ಡ್ ಕೊಡುವ ಪಟ್ಟಿಯೇ. ನಿಮ್ಮ 2014ರ ಡೇಟಿಗೆ ಎರಡು ಪಟ್ಟಿಯೂ ಬಂದಿಲ್ಲ. ಅದರಿಂದ ನಿಮಗೆ ಹೊಸ ಪೆಟ್ಟು ಇಲ್ಲ. ಹಳೆಯದೇ ಸಾಕಷ್ಟಿದೆ.

ಹೊಸ ಸದಸ್ಯ, ಇರ್ವಿಂಗ್, 24 ಆಗಸ್ಟ್ 2025

ಸರ್, ಈ ಸಾಲು ಭಾರತದವರಿಗೆ ಮಾತ್ರ ಯಾಕೆ ಇಷ್ಟು ಉದ್ದ? ನನ್ನ ಜೊತೆ ಕೆಲಸ ಮಾಡುವ ಬ್ರೆಜಿಲ್‌ನವರಿಗೆ ಬೇಗ ಆಯಿತು. ನನ್ನ ಮಗನೂ ಹುಟ್ಟಿದ್ದು ದುಬೈನಲ್ಲಿ. ಅವನ ಹೆಸರಲ್ಲಿ ನಮ್ಮ ಸಾಲು ಬದಲಾಯಿಸಬಹುದಾ?

ಕುಂದಾಪುರದವ, 25 ಆಗಸ್ಟ್ 2025

ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಹೆಂಡತಿ, ಗಂಡ, ಮಕ್ಕಳು ಎಲ್ಲ ಸೇರಿ ಅಷ್ಟೇ. 1990ರ ಕಾನೂನಿನಿಂದ ಈ ಸಂಖ್ಯೆ ಹಾಗೇ ಇದೆ. ಅದರಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ 7%ಗಿಂತ ಜಾಸ್ತಿ ಇಲ್ಲ. ಬೇರೆಯವರು ಬಳಸದೆ ಉಳಿದದ್ದು ಆಗಾಗ ನಮಗೆ ಸಿಗುತ್ತದೆ, ಅಷ್ಟೇ. ಭಾರತಕ್ಕೂ ಐಸ್‌ಲ್ಯಾಂಡಿಗೂ ಒಂದೇ ಮಿತಿ.

ಹುಟ್ಟಿದ ದೇಶ ನೋಡುತ್ತಾರೆ, ಪಾಸ್‌ಪೋರ್ಟ್ ಅಲ್ಲ. ನಮ್ಮ ಕರಾವಳಿಯ ಕಡೆ ಗಲ್ಫ್‌ನಲ್ಲಿ ಹುಟ್ಟಿದವರು ಬೇಕಾದಷ್ಟು ಜನ ಇದ್ದಾರೆ. ಹೆಂಡತಿ ಅಥವಾ ಗಂಡ ಗಲ್ಫ್‌ನಲ್ಲಿ ಹುಟ್ಟಿದ್ದರೆ ಇಡೀ ಕುಟುಂಬ ಆ ಸಾಲಿಗೆ ಹೋಗಬಹುದು. ಮಗು ಹುಟ್ಟಿದ ಊರಿನಿಂದ ಅಪ್ಪ ಅಮ್ಮನಿಗೆ ಏನೂ ಸಿಗುವುದಿಲ್ಲ. ನಿಮ್ಮ ಮನೆಯವರು ಎಲ್ಲಿ ಹುಟ್ಟಿದ್ದು, ಒಮ್ಮೆ ಕೇಳಿ.

ಹೊಸ ಸದಸ್ಯ, ಇರ್ವಿಂಗ್, 25 ಆಗಸ್ಟ್ 2025

ಅವಳು ಪುತ್ತೂರಿನವಳು ಸರ್. ಥ್ಯಾಂಕ್ಸ್.

ಮೈಸೂರಿನಿಂದ ಹೋಗಿ ಬಂದವಳು (ಬೆಂಗಳೂರು), 26 ಆಗಸ್ಟ್ 2025

ಆಂಟಿ, ನಿಮ್ಮ ಮಗಳ ಜಾಗದಲ್ಲಿ ಇದ್ದವಳು ನಾನು. ನನ್ನ ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ.

ಆರು ವರ್ಷಕ್ಕೆ ಹೋದೆ. 2019ರಲ್ಲಿ 21 ಆಯಿತು, ಎಫ್-1ಗೆ ಬಂದೆ. ಅಲ್ಲಿಯವರೆಗೆ ಅಪ್ಪ ಅಮ್ಮನ ಜೊತೆ ಅದೇ ರಾಜ್ಯದಲ್ಲಿ ಇದ್ದವಳು, ಒಂದೇ ದಿನಕ್ಕೆ ವಿದೇಶಿ ವಿದ್ಯಾರ್ಥಿ. ಫೀಸು ಅದರ ಪ್ರಕಾರ ಏರಿತು. ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ನಿಮ್ಮ ಕಾಲೇಜಿನಲ್ಲಿ ಈಗಲೇ ಕೇಳಿ. ಫೆಡರಲ್ ಸಹಾಯಧನ ಎಚ್-4ಗೂ ಇಲ್ಲ, ಎಫ್-1ಗೂ ಇಲ್ಲ.

ಓದು ಮುಗಿದ ಮೇಲೆ ಓಪಿಟಿ (ಓದಿದ್ದಕ್ಕೆ ಸಂಬಂಧಿಸಿದ ಕೆಲಸ ಮಾಡಲು ಅನುಮತಿ) ಒಂದು ವರ್ಷ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಆದ್ದರಿಂದ ಇನ್ನೆರಡು ವರ್ಷ. ಆ ಮೂರು ವರ್ಷವೂ ಎಚ್-1ಬಿ ಲಾಟರಿಗೆ ಹೆಸರು ಹಾಕಿದೆ. ವರ್ಷಕ್ಕೆ 85,000 ಜಾಗ, ಅದರಲ್ಲಿ 20,000 ಅಲ್ಲಿಯೇ ಮಾಸ್ಟರ್ಸ್ ಮಾಡಿದವರಿಗೆ. ಮೂರು ಸಲವೂ ಬರಲಿಲ್ಲ. ಅಪ್ಪ 2004ರಲ್ಲಿ ಯಾವ ಸಾಲಿನ ಕೊನೆಗೆ ಹೋಗಿ ನಿಂತಿದ್ದರೋ ನಾನು ಅದೇ ಸಾಲಿನ ಕೊನೆಗೆ ಹೋಗಿ ನಿಂತೆ. ನಡುವೆ ನಾನು ಅಲ್ಲಿ ಬೆಳೆದ ವರ್ಷಗಳು ಯಾವ ಕಾಗದದಲ್ಲೂ ಇಲ್ಲ.

2023ರಲ್ಲಿ ಬೆಂಗಳೂರಿಗೆ ಬಂದೆ. ಆಧಾರ್ ಮಾಡಿಸಿದ್ದು 25ನೇ ವಯಸ್ಸಿಗೆ. ಬಸ್ಸಿನ ಬೋರ್ಡ್ ಓದುವಷ್ಟರಲ್ಲಿ ಬಸ್ ಹೋಗಿರುತ್ತಿತ್ತು. ಆಫೀಸಿನಲ್ಲಿ "ನೀವು ಎಲ್ಲಿಯವರು?" ಅಂತ ಕೇಳುತ್ತಾರೆ, ಮೈಸೂರು ಅಂದರೆ ನಂಬುವುದಿಲ್ಲ. ಈಗ ಪರವಾಗಿಲ್ಲ. ಕೆಲಸ ಚೆನ್ನಾಗಿದೆ, ದೊಡ್ಡಮ್ಮ ಇದ್ದಾರೆ, ಓದಲು ಬರೆಯಲು ಕಲಿತೆ. ಕಷ್ಟ ಆಗುವುದು ಒಂದಕ್ಕೆ. ಅಪ್ಪ ಅಮ್ಮನನ್ನು ನೋಡಬೇಕು ಅಂದರೆ ನಾನು ವಿಸಿಟರ್ ವೀಸಾ ಕೇಳಬೇಕು. ಬೆಂಗಳೂರಿನಲ್ಲಿ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆ ಆಯಿತು, ವೀಸಾ ಇನ್ನೂ ಅಲ್ಲಿ ಕೊಡುತ್ತಿಲ್ಲ. ಅದಕ್ಕೇ ಚೆನ್ನೈಗೆ ಹೋದೆ. ಕಿಟಕಿಯ ಆ ಕಡೆಯವರು "ಅಮೆರಿಕದಲ್ಲಿ ನಿಮಗೆ ಯಾರಿದ್ದಾರೆ?" ಅಂತ ಕೇಳಿದರು. "ಎಲ್ಲರೂ" ಅಂದೆ. ವೀಸಾ ಕೊಡಲಿಲ್ಲ.

ಮಗಳಿಗೆ ಎಲ್ಲವನ್ನೂ ಹೇಳಿ ಆಂಟಿ. ಅರ್ಧ ಹೇಳಿ ಅರ್ಧ ಬಚ್ಚಿಡಬೇಡಿ. ನಮ್ಮ ಮನೆಯಲ್ಲಿ "ಆಗುತ್ತೆ ಬಿಡು" ಅಂತಲೇ ಹೇಳುತ್ತಿದ್ದರು. ನಾನು ಅದನ್ನು ನಂಬಿಕೊಂಡು ಇಂಗ್ಲಿಷ್ ಸಾಹಿತ್ಯ ಓದಬೇಕು ಅಂತಿದ್ದೆ. ಸ್ಟೆಮ್ ಅಲ್ಲದಿದ್ದರೆ ಒಂದೇ ವರ್ಷ ಅಂತ ಕೊನೆಗೆ ಗೊತ್ತಾಗಿ ಕೋರ್ಸ್ ಬದಲಾಯಿಸಿದೆ.

ದಾವಣಗೆರೆ ಗೆಳೆಯ, 26 ಆಗಸ್ಟ್ 2025

ತಪ್ಪು ತಿಳಿಯಬೇಡಿ ಅಕ್ಕ. ಅವರ ದೇಶ, ಅವರ ಕಾನೂನು. ಹೋಗುವಾಗಲೇ ತಾತ್ಕಾಲಿಕ ವೀಸಾ ಅಂತ ಗೊತ್ತಿತ್ತು ಅಲ್ವಾ? ಮಗಳು ಭಾರತದ ಪ್ರಜೆ. ಇಲ್ಲಿಗೆ ಬಂದರೆ ಏನು ಕಷ್ಟ? ಇಲ್ಲಿ ಕೋಟ್ಯಂತರ ಮಕ್ಕಳು ಓದುತ್ತಿದ್ದಾರೆ.

ಮಲೆನಾಡ ಅಮ್ಮ, 27 ಆಗಸ್ಟ್ 2025

ಬೇಜಾರಿಲ್ಲ ತಮ್ಮ, ಈ ಪ್ರಶ್ನೆ ನಮ್ಮ ಮನೆಯಲ್ಲೇ ಎಷ್ಟೋ ಸಲ ಬಂದಿದೆ. ಗೊತ್ತಿದ್ದು ಬಂದದ್ದು ನಾವಿಬ್ಬರು. ಐದು ವರ್ಷದ ಮಗುವಿಗೆ ಏನು ಗೊತ್ತಿತ್ತು? ಊರು ಕೆಟ್ಟದ್ದು ಅಂತ ಯಾರು ಹೇಳಿದರು? ಊರಿಗೆ ಎಲ್ಲರೂ ಒಟ್ಟಿಗೆ ಹೋದರೆ ಅದು ಬೇರೆ ಮಾತು. ಅವಳೊಬ್ಬಳನ್ನೇ ಕಳಿಸಬೇಕಲ್ಲ, ಹದಿಮೂರು ವರ್ಷದ ತಮ್ಮನನ್ನು ಇಲ್ಲೇ ಬಿಟ್ಟು. ಅವನು ರಾತ್ರಿ ನನ್ನ ಹತ್ತಿರ ಬಂದು "ಅಕ್ಕನಿಗೆ ನಾನು ಸ್ಪಾನ್ಸರ್ ಮಾಡಬಹುದಾ?" ಅಂತ ಕೇಳಿದ. ಅದಕ್ಕೆ ಅವನಿಗೆ 21 ಆಗಬೇಕು, ಆಗುವುದು 2033ಕ್ಕೆ. ಅಣ್ಣ ತಮ್ಮ ಅಕ್ಕ ತಂಗಿಯರ ಸಾಲಿನಲ್ಲಿ ಭಾರತಕ್ಕೆ ಈಗ ನಡೆಯುತ್ತಿರುವುದು 2006ರವರ ಸರದಿ. ಅವನಿಗೆ ಹೇಗೆ ಹೇಳುವುದು?

ವಾಪಸ್ ಬಂದ ಅಪ್ಪ (ಮೈಸೂರು), 27 ಆಗಸ್ಟ್ 2025

ದಾವಣಗೆರೆ ಗೆಳೆಯರೇ, "ಇಲ್ಲಿಗೆ ಬಂದರೆ ಏನು ಕಷ್ಟ" ಅನ್ನುವುದಕ್ಕೆ ನನ್ನ ಅನುಭವ ಹೇಳುತ್ತೇನೆ. ನಾವು 2019ರಲ್ಲಿ ಬಂದೆವು. ದೊಡ್ಡವನು ಇಲ್ಲಿ ಹುಟ್ಟಿದವನು, ಚಿಕ್ಕವಳು ಅಲ್ಲಿ ಹುಟ್ಟಿದವಳು, ಅವಳಿಗೆ ಓಸಿಐ (ಭಾರತೀಯ ಮೂಲದ ವಿದೇಶಿಯರಿಗೆ ಕೊಡುವ ಕಾರ್ಡ್).

ದೊಡ್ಡವನು ಭಾರತದ ಪ್ರಜೆಯೇ. ಆದರೆ ಸಿಇಟಿಯಲ್ಲಿ ಸರ್ಕಾರಿ ಸೀಟು ಬೇಕು ಅಂದರೆ ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ಒಟ್ಟು ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಅವನು ಎಲ್ಲಿ ಓದಿದ್ದ? ಕೊನೆಗೆ ನಮ್ಮನ್ನು ಉಳಿಸಿದ್ದು ಇನ್ನೊಂದು ದಾರಿ. ಮಗು ಎರಡು ವರ್ಷದ ಪಿಯುಸಿಯನ್ನು ಕರ್ನಾಟಕದಲ್ಲಿ ಓದಿ, ಅಪ್ಪ ಅಥವಾ ಅಮ್ಮ ಇಲ್ಲಿ ಏಳು ವರ್ಷ ಓದಿದ್ದರೆ ಆಗುತ್ತದೆ. ನನ್ನ ಹಳೆಯ ಶಾಲೆಗೆ ಹೋಗಿ ದಾಖಲೆ ತೆಗೆಸಿದೆ. ಹಾಜರಿ ಪುಸ್ತಕದ ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು, ಪುಣ್ಯಕ್ಕೆ ನನ್ನ ಹೆಸರು ಉಳಿದಿತ್ತು. ವಾಪಸ್ ಬರುವ ಯೋಚನೆ ಇರುವವರು ಹತ್ತನೇ ಕ್ಲಾಸ್ ಮುಗಿಯುವುದರೊಳಗೆ ಬನ್ನಿ. ಹನ್ನೆರಡು ಮುಗಿಸಿ ಬಂದರೆ ಈ ಬಾಗಿಲೂ ಮುಚ್ಚುತ್ತದೆ.

ಚಿಕ್ಕವಳದ್ದು ಇನ್ನೊಂದು ಕಥೆ. ಓಸಿಐ ಅಂದರೆ ಪೌರತ್ವ ಅಲ್ಲ. 2021ರ ಮಾರ್ಚ್ 4ರಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ನೀಟ್, ಜೆಇಇ ಇಂಥದ್ದರಲ್ಲಿ ಓಸಿಐ ಮಕ್ಕಳಿಗೆ ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿ ಸೀಟು ಮಾತ್ರ, ಭಾರತದವರಿಗೆ ಮೀಸಲಾದ ಸೀಟು ಇಲ್ಲ ಅಂತ. ಆ ರಾತ್ರಿ ನಾನೂ ನನ್ನ ಹೆಂಡತಿಯೂ ಮಲಗಲಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳು, ಒಂದೇ ಊಟ, ಒಂದೇ ಶಾಲೆ, ಒಬ್ಬನಿಗೆ ಒಂದು ಫೀಸು, ಇನ್ನೊಬ್ಬಳಿಗೆ ಎಷ್ಟೋ ಪಟ್ಟು. ಸುಪ್ರೀಂ ಕೋರ್ಟ್ 2023ರ ಫೆಬ್ರವರಿ 3ರಂದು ಹೇಳಿತು: ಈ ಅಧಿಸೂಚನೆ ಮುಂದಕ್ಕೆ ಮಾತ್ರ, 2021ರ ಮಾರ್ಚ್ 4ರ ನಂತರ ವಿದೇಶದಲ್ಲಿ ಹುಟ್ಟಿದವರಿಗೆ. ಮೊದಲೇ ಹುಟ್ಟಿದವರ ಹಕ್ಕು ಉಳಿಯಿತು. ನಮ್ಮ ಮಗಳು ಪಾರಾದಳು. ಆದರೆ ಆಮೇಲೆ ಹುಟ್ಟಿದ ಕೂಸುಗಳ ಅಪ್ಪ ಅಮ್ಮ ಇದನ್ನು ಈಗಲೇ ತಿಳಿದಿರಬೇಕು. ಅವರಲ್ಲಿ ಎಲ್ಲರಿಗಿಂತ ದೊಡ್ಡ ಮಗುವಿಗೂ ಈಗಿನ್ನೂ ನಾಲ್ಕು ವರ್ಷ.

ಎರಡೂ ಕಡೆ ಬೇಲಿ ಇದೆ ಗೆಳೆಯರೇ. ನಾವು ಒಂದು ಕಡೆಯದನ್ನು ಮಾತ್ರ ನೋಡುತ್ತೇವೆ.

ದಾವಣಗೆರೆ ಗೆಳೆಯ, 28 ಆಗಸ್ಟ್ 2025

ಏಳು ವರ್ಷದ ನಿಯಮ ಗೊತ್ತಿತ್ತು. ಊರಿನವರ ಮಕ್ಕಳಿಗೂ ಅದು ಹೀಗೆ ತಾಗುತ್ತದೆ ಅಂತ ಯೋಚನೆ ಮಾಡಿರಲಿಲ್ಲ. ಅಕ್ಕ, ನನ್ನ ಮಾತಿಂದ ನೋವಾಗಿದ್ದರೆ ಕ್ಷಮಿಸಿ.

ವಾಟರ್ಲೂ ಕನ್ನಡಿಗ (ಕೆನಡಾ), 30 ಆಗಸ್ಟ್ 2025

ನಮ್ಮ ಮಗಳಿಗೆ 17 ಆದಾಗ ಅಮೆರಿಕ ಬಿಟ್ಟು ಇಲ್ಲಿಗೆ ಬಂದೆವು. ಕೆನಡಾದಲ್ಲಿ ಮಕ್ಕಳಿಗೆ 22ರ ಒಳಗೆ ಅಂತ ಮಿತಿ, ಪೂರ್ತಿ ಅರ್ಜಿ ಸೇರಿದ ದಿನದ ವಯಸ್ಸೇ ಲೆಕ್ಕ. ಆಮೇಲೆ ಅವರು ಎಷ್ಟು ತಡ ಮಾಡಿದರೂ ಮಗು ದೊಡ್ಡದಾಗುವುದಿಲ್ಲ. ಇದೊಂದು ಸಾಲನ್ನು ಅಮೆರಿಕದ ಕಾನೂನಿಗೆ ಸೇರಿಸಿದರೆ ಎಷ್ಟು ಮನೆಗಳು ಉಳಿಯುತ್ತಿದ್ದವು.

ಸುಲಭ ಅಂತ ಹೇಳಲಾರೆ. ಸಂಬಳ ಕಡಿಮೆ ಆಯಿತು. ನನ್ನ ಹೆಂಡತಿ ಮೊದಲ ವರ್ಷ ಮನೆಯಲ್ಲೇ ಕೂರಬೇಕಾಯಿತು. ವಯಸ್ಸು ಜಾಸ್ತಿ ಆದವರಿಗೆ ಇಲ್ಲಿ ಅಂಕವೂ ಕಡಿಮೆ, 45 ದಾಟಿದರೆ ವಯಸ್ಸಿಗೆ ಸೊನ್ನೆ. ಆದ್ದರಿಂದ ಬರುವುದಾದರೆ ಬೇಗ ಬರಬೇಕು. ಮಲೆನಾಡ ಅಮ್ಮ, ನಿಮಗೆ ಈಗ ಇದು ತಡವೇ. ಚಿಕ್ಕ ಮಕ್ಕಳಿರುವವರು ಓದುತ್ತಾರೆ ಅಂತ ಬರೆದೆ.

ಎಡಿಸನ್ ಅಣ್ಣ (ನ್ಯೂಜೆರ್ಸಿ), 31 ಆಗಸ್ಟ್ 2025

ಮಗಳಿಗೆ ಡಾಕಾ (ಚಿಕ್ಕಂದಿನಲ್ಲಿ ಬಂದು ದಾಖಲೆ ಇಲ್ಲದೆ ಇರುವವರನ್ನು ದೇಶದಿಂದ ಹೊರಗೆ ಹಾಕದಂತೆ ಕೊಡುವ ತಾತ್ಕಾಲಿಕ ರಕ್ಷಣೆ) ಸಿಗುವುದಿಲ್ಲವಾ ಅಂತ ಒಬ್ಬರು ನನಗೆ ಕೇಳಿದರು. ಸಿಗುವುದಿಲ್ಲ. 2012ರ ಜೂನ್ 15ಕ್ಕೆ ಕಾನೂನುಬದ್ಧ ವೀಸಾ ಇಲ್ಲದವರಿಗೆ ಮಾತ್ರ ಅದು. ಒಂದು ದಿನವೂ ನಿಯಮ ಮೀರದೆ ಬೆಳೆದ ಮಕ್ಕಳು ಆ ಕಾರಣಕ್ಕೇ ಹೊರಗೆ.

ಇವರಿಗಾಗಿ 2021ರಲ್ಲಿ ಅಮೆರಿಕಾಸ್ ಚಿಲ್ಡ್ರನ್ ಆಕ್ಟ್ ಅಂತ ಮಸೂದೆ ಬಂತು. ಕೆಳಮನೆಯಲ್ಲಿ ಡೆಬೊರಾ ರಾಸ್, ಸೆನೆಟ್‌ನಲ್ಲಿ ಅಲೆಕ್ಸ್ ಪಡಿಲ್ಲಾ ಮತ್ತು ರ‍್ಯಾಂಡ್ ಪಾಲ್ ತಂದದ್ದು. ಎರಡೂ ಪಕ್ಷದವರು ಇದ್ದರು. ಪಾಸಾಗಲಿಲ್ಲ, 2023ರಲ್ಲಿ ಮತ್ತೆ ತಂದರು, ಆಗಲೂ ಇಲ್ಲ. ಇಂಥ ಮಕ್ಕಳೇ ಸೇರಿ ಇಂಪ್ರೂವ್ ದ ಡ್ರೀಮ್ ಅಂತ ಸಂಘ ಮಾಡಿಕೊಂಡಿದ್ದಾರೆ, ದೇಶದಲ್ಲಿ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಜನ ಇದ್ದೇವೆ ಅನ್ನುತ್ತಾರೆ. ಮಲೆನಾಡ ಅಮ್ಮ, ರಾಸ್ ಅವರು ನಿಮ್ಮ ನಾರ್ತ್ ಕರೋಲಿನಾದವರೇ, ರಾಲಿ ಕಡೆಯ ಸಂಸದೆ. ಮಗಳನ್ನು ಕರೆದುಕೊಂಡು ಒಮ್ಮೆ ಆಫೀಸಿಗೆ ಹೋಗಿ ಬನ್ನಿ. ನಾವು ಮತ ಹಾಕುವವರಲ್ಲ, ನಮ್ಮ ಮಾತು ಯಾರು ಕೇಳುತ್ತಾರೆ ಅಂತ ಸುಮ್ನೆ ಕೂರುತ್ತೇವೆ. ಅದು ಸರಿಯಲ್ಲ.

ಇನ್ನೊಂದು. ಮಗ ಇಲ್ಲಿ ಹುಟ್ಟಿದ್ದಾನೆ, ಅವನಿಗಾದರೂ ಚಿಂತೆ ಇಲ್ಲ ಅಂತ ನಾವು ಅಂದುಕೊಂಡಿದ್ದೆವು. 1868ರ ಹದಿನಾಲ್ಕನೇ ತಿದ್ದುಪಡಿ, 1898ರ ವಾಂಗ್ ಕಿಮ್ ಆರ್ಕ್ ತೀರ್ಪು, ಇಲ್ಲಿ ಹುಟ್ಟಿದವರು ಇಲ್ಲಿಯ ಪ್ರಜೆ ಅನ್ನುವ ಇವು ಗಟ್ಟಿ ನೆಲ ಅಂತಿತ್ತು. ಆ ಹಕ್ಕನ್ನು ಕಡಿತ ಮಾಡುವ ಈ ಜನವರಿ 20ರ ಅಧ್ಯಕ್ಷರ ಆದೇಶದಲ್ಲಿ ಎಚ್-1ಬಿ, ಎಚ್-4ನವರಿಗೆ ಹುಟ್ಟುವ ಮಕ್ಕಳೂ ಸೇರಿದ್ದಾರೆ. ಮೊದಲೇ ಹುಟ್ಟಿದವರಿಗೆ ಅದು ತಾಗುವುದಿಲ್ಲ. ಕೋರ್ಟುಗಳು ತಡೆ ಹಿಡಿದಿವೆ. ಆದರೂ ನಮ್ಮ ಕನ್ನಡ ಕೂಟದಲ್ಲಿ ಒಬ್ಬ ಬಸುರಿ ಹುಡುಗಿ ಎಲ್ಲರಿಗೂ ಕೇಳುತ್ತಿದ್ದಳು, ಕೋರ್ಟ್ ಏನಂದಿತು ಅಂತ.

ಮೈಸೂರಿನಿಂದ ಹೋಗಿ ಬಂದವಳು, 1 ಸೆಪ್ಟೆಂಬರ್ 2025

ಆಂಟಿ, ಎಫ್-1 ಬಗ್ಗೆ ಎರಡು ಮಾತು. 21 ತುಂಬುವ ಮೊದಲೇ ವೀಸಾ ಬದಲಾವಣೆಯ ಅರ್ಜಿ ಐ-539 ಸೇರಿರಬೇಕು. ಕೊನೆಯ ವಾರಕ್ಕೆ ಇಡಬೇಡಿ. ಮತ್ತೆ, ಓಪಿಟಿಗೆ ಮೊದಲು ಒಂದು ವರ್ಷ ಫುಲ್ ಟೈಮ್ ಓದಿರಬೇಕು ಅಂತ ಇದೆ. ಎಚ್-4ನಲ್ಲಿ ಓದಿದ್ದೂ ಅದಕ್ಕೆ ಸೇರುತ್ತದೆ. ನನಗೆ ಇದು ಗೊತ್ತಿಲ್ಲದೆ ತುಂಬಾ ಹೆದರಿದ್ದೆ. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಆಫೀಸಿನಲ್ಲಿ ಕೇಳಿ. ಅರ್ಜಿ ಬಾಕಿ ಇರುವಾಗ ಊರಿಗೆ ಹೋಗಬೇಡಿ, ದೇಶ ಬಿಟ್ಟರೆ ಅರ್ಜಿ ಬಿಟ್ಟ ಹಾಗೆ.

ಮಲೆನಾಡ ಅಮ್ಮ, 19 ಅಕ್ಟೋಬರ್ 2025

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೊಂದು ಮಾತೂ ಉಪಯೋಗಕ್ಕೆ ಬಂತು. ಕುಂದಾಪುರದ ತಮ್ಮಾ, ಹಳೆಯ ಕಾಗದ ತೆಗೆದು ನೋಡಿದೆವು. ಪ್ರೀಮಿಯಂ ಹಾಕಿದ್ದು ನಿಜ. ನಮ್ಮ ಐ-140 ಬಾಕಿ ಇದ್ದದ್ದು ಒಂಬತ್ತು ದಿನ.

ಎಫ್-1 ಅರ್ಜಿ ಕಳೆದ ವಾರ ಹೋಯಿತು. ಕಾಲೇಜಿನವರು ಎಫ್-1ಗೆ ಬೇಕಾದ ಪ್ರವೇಶ ಪತ್ರ ಐ-20 ಕೊಟ್ಟರು, ವಿದೇಶಿ ವಿದ್ಯಾರ್ಥಿಗಳ ನೋಂದಣಿಯ ಸೆವಿಸ್ ಫೀಸು 350 ಡಾಲರ್ ಕಟ್ಟಿದೆವು. ಮುಂದಿನ ವರ್ಷದ ಕಾಲೇಜು ಫೀಸು ಎಷ್ಟಾಗುತ್ತದೆ ಅಂತ ಇನ್ನೂ ಹೇಳಿಲ್ಲ. ಮಗಳಿಗೆ ಎಲ್ಲವನ್ನೂ ಹೇಳಿದೆ. ಈ ಚರ್ಚೆಯನ್ನೇ ಓದಿಸಿದೆ. ಅವಳು ನಿಧಾನಕ್ಕೆ ಓದುತ್ತಾಳೆ, ಎರಡು ರಾತ್ರಿ ಹಿಡಿಯಿತು. ಬೆಂಗಳೂರಿನಲ್ಲಿರುವ ಆ ಅಕ್ಕನ ಜೊತೆ ಮಾತಾಡಬಹುದಾ ಅಂತ ಕೇಳಿದಳು. ನಿಮಗೆ ಮೆಸೇಜ್ ಹಾಕಿದ್ದೇನೆ ಪುಟ್ಟಾ, ಬಿಡುವಾದಾಗ ನೋಡು.

ಅರ್ಜಿಯ ಜೊತೆ ಒಂದು ಪತ್ರ ಬೇಕಿತ್ತು. ಓದಲು ಮಾತ್ರ ಇರುತ್ತೇನೆ, ಅನುಮತಿ ಮುಗಿದ ಮೇಲೆ ನನ್ನ ದೇಶಕ್ಕೆ ಹೋಗುತ್ತೇನೆ ಅಂತ. ಅದನ್ನು ಅವಳೇ ಕೂತು ಬರೆದಳು. "ನನ್ನ ದೇಶ" ಅನ್ನುವ ಜಾಗದಲ್ಲಿ ತುಂಬಾ ಹೊತ್ತು ನಿಂತಳು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ, ಏನೂ ಹೇಳಲಿಲ್ಲ.

ಊರಿನಲ್ಲಿ ಮನೆ, ಆಸ್ತಿ, ಹತ್ತಿರದವರು ಇದ್ದಾರೆ ಅಂತ ತೋರಿಸಲು ಏನಾದರೂ ದಾಖಲೆ ಕೊಡಿ ಅಂದರು ಲಾಯರ್. ಅಪ್ಪನಿಗೆ ಫೋನ್ ಮಾಡಿ ತೋಟದ ಪಹಣಿ ಕೇಳಿದೆ. ಆನ್‌ಲೈನ್‌ನಲ್ಲೇ ಸಿಗುತ್ತದೆ ಅಂದರೂ ಕೇಳಲಿಲ್ಲ. ಬಸ್ ಹತ್ತಿ ನಾಡಕಚೇರಿಗೆ ಹೋಗಿ ಸೀಲ್ ಹಾಕಿಸಿದ ಪ್ರತಿ ತಂದು ಫೋಟೋ ಕಳಿಸಿದರು. ಅದನ್ನು ಇಂಗ್ಲಿಷಿಗೆ ಮಾಡಿಸಿ ಲಗತ್ತಿಸಿದೆವು. ಎರಡು ಎಕರೆ ಅಡಿಕೆ, ಬೆಳೆ ಕಾಲಂನಲ್ಲಿ ಅದೂ ಇದೆ.

ಮೊನ್ನೆ ಅಪ್ಪ ಮತ್ತೆ ಫೋನ್ ಮಾಡಿದರು. "ಪಹಣಿ ಎಲ್ಲ ಕೇಳಿದ್ಯಲ್ಲ, ಪಾಪು ಬರ್ತಾಳಾ ಹೆಂಗೆ?" ಅಂದರು. ನನಗೆ ಬಾಯಿ ಬರಲಿಲ್ಲ. ಅವರೇ ಮುಂದುವರಿಸಿದರು. ಬರುವುದಾದರೆ ಮಹಡಿ ಮೇಲಿನ ಕೋಣೆಗೆ ಬಣ್ಣ ಹೊಡೆಸಬೇಕು, ಮಳೆ ಕಡಿಮೆ ಆಗಿದೆ, ಕೊಯ್ಲು ಶುರುವಾದರೆ ಜನ ಸಿಗುವುದಿಲ್ಲ, ಈಗಲೇ ಹೇಳಿಡುತ್ತೇನೆ ಅಂತ. ಸ್ಪೀಕರ್ ಹಾಕಿತ್ತು. ಮಗಳು ಪಕ್ಕದಲ್ಲೇ ಕೂತಿದ್ದಳು. ನನ್ನ ಕೈಯಿಂದ ಫೋನ್ ಇಸ್ಕೊಂಡು "ಬಿಳಿ ಬೇಡ ಅಜ್ಜ, ನೀಲಿ ಹೊಡೆಸು" ಅಂದಳು.